ಒದ್ದೆ ಸೆಣಬಿನ ಹಿಂದಿನ ತಗಡು

ದೊಡ್ಡ ರೈಫಲ್ಲಿನ ಗುಂಡು ನಿಲ್ಲುವುದಿಲ್ಲ. ನಮ್ಮ ಫೈರಿಂಗ್ ರೇಂಜಿಗೆ ಬರುವ ಹೊಸಬರಿಗೆಲ್ಲ ನಾನು ಮೊದಲು ಹೇಳುತ್ತಿದ್ದದ್ದು ಇದನ್ನೇ. ಅರ್ಧ ಇಂಚು ದಪ್ಪದ ಆ ಗುಂಡಿಗೆ ಗಸ್ತು ವ್ಯಾನಿನ ಬಾಗಿಲು ಯಾವ ಲೆಕ್ಕ? ಅದು ಒಳಗೆ ಬಂದೇ ಬರುತ್ತದೆ. ಬರುವಾಗ ಒಂಟಿಯಾಗಿ ಬರುತ್ತದೋ, ಬಾಗಿಲಿನ ಉಕ್ಕನ್ನೂ ಚೂರು ಚೂರು ಮಾಡಿ ಜೊತೆಗೆ ಕರೆತರುತ್ತದೋ ಎನ್ನುವುದಷ್ಟೇ ನಮ್ಮ ಪ್ರಶ್ನೆ. ಒಂಟಿ ಗುಂಡು ಡ್ರೈವರಿನ ಪಕ್ಕದಲ್ಲಿ ಹಾದುಹೋದರೆ ಅವನು ಬದುಕಿಕೊಳ್ಳುತ್ತಾನೆ. ಚೂರುಗಳು ಹಾಗಲ್ಲ. ಅವು ಬೀಸಣಿಗೆ ಬಿಚ್ಚಿದ ಹಾಗೆ ಹರಡಿಕೊಂಡು, ಸಿಕ್ಕಿದ್ದಕ್ಕೆಲ್ಲ ಚುಚ್ಚುತ್ತವೆ.

ನಾನು ಆಗ ಬಾಲಿಗಂಜ್‌ನಲ್ಲಿ ಬಾಡಿಗೆ ಫ್ಲಾಟಿನಲ್ಲಿದ್ದೆ. ಬೆಳಿಗ್ಗೆ ಹೆಂಡತಿ ಕಟ್ಟಿಕೊಟ್ಟ ಡಬ್ಬಿ ಹಿಡಿದು ಲೋಕಲ್ ರೈಲು ಹತ್ತಿ, ಸಿಯಾಲ್ದಾದಲ್ಲಿ ಇನ್ನೊಂದು ಲೋಕಲ್ ಹಿಡಿದು, ಹೂಗ್ಲಿ ದಂಡೆಯ ನಮ್ಮ ರೇಂಜಿಗೆ ಹೋಗುತ್ತಿದ್ದೆ. ಗೋಡೆಯಾಚೆ ಚಟ್‌ಕಲ್‌ಗಳು, ಅಂದರೆ ಸೆಣಬಿನ ಗಿರಣಿಗಳು. ಅರ್ಧಕ್ಕರ್ಧ ಬಾಗಿಲು ಮುಚ್ಚಿದ್ದವು. ಆದರೂ ಗಾಳಿ ಬೀಸಿದರೆ ಹಸಿ ಸೆಣಬಿನ ವಾಸನೆ ಬರುತ್ತಿತ್ತು. ಸಾಲ್ಟ್ ಲೇಕ್ ಕಡೆ ಅದೇ ಹೊತ್ತಿನಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದವು, ಓದಿದವರೆಲ್ಲ ಅತ್ತ ಮುಖ ಮಾಡಿದ್ದರು. ನಾವು ಮಾತ್ರ ಮರಳಿನ ದಿಬ್ಬಕ್ಕೆ ಗುಂಡು ಹೊಡೆದುಕೊಂಡು ಕೂತಿದ್ದೆವು.

ಆ ರೇಂಜಿಗೆ ಒಂದು ದಿನ ಧಾರವಾಡದ ಹೆಣ್ಣುಮಗಳೊಬ್ಬಳು ಗೋಣಿಚೀಲ ಹೊತ್ತುಕೊಂಡು ಬಂದಳು. ಉತ್ಪ್ರೇಕ್ಷೆಯಲ್ಲ, ನಿಜವಾಗಿಯೂ ಹೆಗಲ ಮೇಲೆ. ನಗರದ ಒಂದು ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಸೆಣಬಿನ ಬಟ್ಟೆಯನ್ನು ಪದರ ಪದರವಾಗಿ ಅಂಟಿನಲ್ಲಿ ಅದ್ದಿ, ಒತ್ತಿ, ಹಲಗೆ ಮಾಡಿ, ಅದನ್ನು ವ್ಯಾನಿನ ಬಾಗಿಲಿನ ಒಳಮೈಗೆ ಬೋಲ್ಟ್ ಹಾಕಿ ಕೂರಿಸಿದರೆ ಉಕ್ಕಿನ ಚೂರುಗಳನ್ನು ಅದು ಹಿಡಿದುಕೊಳ್ಳುತ್ತದೆ ಎನ್ನುವುದು ಅವಳ ವಾದ. ಹೊರದೇಶದಿಂದ ತರಿಸುವ ಹಲಗೆ ಇದೇ ಕೆಲಸ ಮಾಡುತ್ತಿತ್ತು, ಆದರೆ ಅದಕ್ಕೆ ಹಣ ಮಂಜೂರಾಗುವ ಲಕ್ಷಣ ಇರಲಿಲ್ಲ. ಗಸ್ತು ವ್ಯಾನುಗಳು ಆಗಲೇ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದವು. ಸೆಣಬು ಪಾಸಾದರೆ ಅದು ಬಾಗಿಲೊಳಗೆ ಕೂರುತ್ತದೆ, ಇಲ್ಲವಾದರೆ ಬರೀ ಉಕ್ಕು. ಮೊದಲ ದಿನವೇ ನಮಗಿಬ್ಬರಿಗೂ ಗೊತ್ತಿದ್ದ ವಿಷಯ ಇದು.

ನಾನು ಮೂಗು ಮುರಿದೆ. ಈರುಳ್ಳಿ ತುಂಬುವ ಬಟ್ಟೆಯಿಂದ ಗುಂಡಿನ ಚೂರು ತಡೆಯುವುದಂತೆ! ನನ್ನ ಮುಖ ನೋಡಿಯೇ ಅವಳಿಗೆ ಗೊತ್ತಾಗಿರಬೇಕು. ಹೆಸರು ಫಲಕದ ಮೇಲಿದ್ದ ನನ್ನ ಹೆಸರು ಓದಿ, ತಟ್ಟನೆ ಕನ್ನಡಕ್ಕೆ ಹೊರಳಿದಳು. "ಸರ, ನಗೂದಿದ್ರ ಹೊಡದು ನೋಡಿ ನಗ್ರಿ. ಹೊಡೀದನ ನಗಬ್ಯಾಡ್ರಿ." ಆ ಊರಲ್ಲಿ, ಆ ಮದ್ದಿನ ವಾಸನೆಯ ನಡುವೆ ಧಾರವಾಡದ ಕನ್ನಡ ಕೇಳಿ ನನ್ನ ಬಿಗುಮಾನ ಅರ್ಧ ಇಳಿಯಿತು. ಸಂಜೆ ಮನೆಗೆ ಕರೆದುಕೊಂಡು ಹೋದೆ. ನನ್ನ ಹೆಂಡತಿಯನ್ನು ಅವಳು ಅಂದಿನಿಂದಲೇ ವೈನಿ, ಅಂದರೆ ಅತ್ತಿಗೆ, ಎಂದಳು. ಮನೆಯಲ್ಲಿ ನಾನು ಅಣ್ಣ, ರೇಂಜಿನಲ್ಲಿ ಸರ. ನಾನು ಎರಡೂ ಕಡೆ ಅವಳಿಗೆ ನೀವು ಎಂದೇ ಹೇಳುತ್ತಿದ್ದೆ. ಅವಳ ಬೆನ್ನ ಹಿಂದೆ ಮಾತಾಡುವಾಗ ಮಾತ್ರ ತಂಗಿಯ ಸಲಿಗೆಯಿಂದ ಅವಳು ಎನ್ನುತ್ತಿದ್ದೆ, ಈಗ ಬರೆಯುವಾಗಲೂ ಅದೇ ಬರುತ್ತಿದೆ. ರೇಂಜಿನ ಮಿಕ್ಕವರಿಗೆಲ್ಲ ಅವಳು ಜೂಟ್ ದೀದಿ.

ನಮ್ಮ ಕೆಲಸದ ಕ್ರಮ ಹೇಳಬೇಕು. ಬ್ಯಾರಲನ್ನು ಕಾಂಕ್ರೀಟಿನ ಕಟ್ಟೆಗೆ ಬಿಗಿದಿರುತ್ತೇವೆ. ಯಾರೂ ಹೆಗಲಿಗಿಟ್ಟು ಹೊಡೆಯುವುದಿಲ್ಲ. ಕೆಂಪು ಬಾವುಟ ಏರುತ್ತದೆ, ಸೈರನ್ ಕೂಗುತ್ತದೆ, ಎಲ್ಲರೂ ಗೋಡೆಯ ಹಿಂದೆ. ಗನ್ನರ್ ಅಲ್ಲಿಂದಲೇ ಗುಂಡಿ ಒತ್ತುತ್ತಾನೆ. ದಾರಿಯಲ್ಲಿ ಎರಡು ಬೆಳಕಿನ ಪರದೆಗಳಿರುತ್ತವೆ, ಗುಂಡು ಅವುಗಳನ್ನು ದಾಟಿದ ಹೊತ್ತಿನಿಂದ ಅದರ ವೇಗ ತಿಳಿಯುತ್ತದೆ. ಮೊದಲು ಮರಳಿಗೆ ಒಂದೆರಡು ಹೊಡೆದು ಬ್ಯಾರಲ್ ಬಿಸಿ ಮಾಡಿ, ವೇಗ ಸರಿಯಾಗಿದೆ ಎಂದ ಮೇಲೆಯೇ ಬಾಗಿಲನ್ನು ನಿಲ್ಲಿಸುವುದು. ಬಾಗಿಲಿನ ಹಿಂದೆ, ಡ್ರೈವರಿನ ಮೈ ಇರಬೇಕಾದ ಜಾಗದಲ್ಲಿ, ತೆಳುವಾದ ಅಲ್ಯೂಮಿನಿಯಂ ತಗಡು. ಅದಕ್ಕೆ ಸಾಕ್ಷಿ ತಗಡು ಎನ್ನುತ್ತೇವೆ. ಹೊಡೆದಾದ ಮೇಲೆ ಆ ತಗಡನ್ನು ಬಿಸಿಲಿಗೆ ಎತ್ತಿ ಹಿಡಿಯಬೇಕು. ಬೆಳಕು ಕಂಡಲ್ಲೆಲ್ಲ ಒಂದೊಂದು ಚೂರು ಡ್ರೈವರನ್ನು ಹೊಕ್ಕಿತು ಎಂದರ್ಥ.

ಬರೀ ಬಾಗಿಲಿಗೆ ಹೊಡೆದ ಮೊದಲ ತಗಡನ್ನು ಅವಳೆದುರು ಬಿಸಿಲಿಗೆ ಹಿಡಿದೆ. ಅವಳು ಅದುವರೆಗೆ ಇದನ್ನು ಪುಸ್ತಕದಲ್ಲಿ ಮಾತ್ರ ಓದಿದ್ದಳು. ತಗಡು ಜರಡಿಯಾಗಿತ್ತು. ಚೀಲದಿಂದ ಹಸಿರು ಬಣ್ಣದ ಡಬ್ಬಿ, ಕುಂಚ ತೆಗೆದು, ಒಂದೊಂದು ತೂತಿಗೂ ಸುತ್ತ ಗೆರೆ ಎಳೆದಳು. ಮುಂದೆ ಎಲ್ಲ ತಗಡುಗಳಿಗೂ ಅದೇ ಹಸಿರು.

ಮೊದಲ ಹಲಗೆಗಳು ಮಾನ ಕಳೆದವು. ಅಂಟು ಕಮ್ಮಿಯಾಗಿ ಸೆಣಬು ಜಡೆ ಬಿಚ್ಚಿದ ಹಾಗೆ ಜೋತುಬಿತ್ತು. ಎರಡನೇ ಸಲ ಅಂಟು ಹೆಚ್ಚಾಗಿ ಹಲಗೆ ಗಾಜಿನ ತಟ್ಟೆಯಂತೆ ಒಡೆದು, ಅದರ ಚೂರುಗಳೂ ಉಕ್ಕಿನ ಚೂರುಗಳ ಜೊತೆ ಸೇರಿ ತಗಡಿಗೆ ಬಡಿದವು. ಕಾಯುವುದಿರಲಿ, ಅದೂ ಕೊಲ್ಲುವವರ ಕಡೆ ಸೇರಿತಲ್ಲ ಎಂದು ನಾನು ಚುಚ್ಚಿದೆ. ಅವಳು ನೇರ ಚಟ್‌ಕಲ್‌ಗೆ ಹೋದಳು. ಮುಚ್ಚಿದ್ದ ಗಿರಣಿಯೊಂದರ ಒತ್ತುಯಂತ್ರವನ್ನು ಯಾರ್ಯಾರ ಕೈಕಾಲು ಹಿಡಿದೋ ತೆರೆಸಿ, ಪದರಗಳ ಎಳೆಗಳನ್ನು ಒಂದರ ಮೇಲೊಂದು ಅಡ್ಡಡ್ಡ ಬರುವಂತೆ ಜೋಡಿಸಿ, ನಿಧಾನವಾಗಿ ಕಾಯಿಸಿ ಒತ್ತಿಸಿದಳು. ಆ ಹಲಗೆ ಹಿಡಿಯಿತು. ಗುಂಡು ದಾಟಿಹೋಯಿತು, ಆದರೆ ಚೂರುಗಳು ಸೆಣಬಿನೊಳಗೆ ಸಿಕ್ಕಿಕೊಂಡವು. ತಗಡಿನ ನಡುವೆ ಒಂದು ದೊಡ್ಡ ತೂತು, ಅದರ ಸುತ್ತ ಅಲ್ಲೊಂದು ಇಲ್ಲೊಂದು ಚಿಕ್ಕದು. ನಾನು ತಗಡನ್ನು ತಿರುಗಿಸಿ ತಿರುಗಿಸಿ ನೋಡಿದೆ. ನಗು ಬರಲಿಲ್ಲ, ಹೊಟ್ಟೆ ತುಂಬಿದಂತಾಯಿತು. ಅಂದು ಅವಳಿಗೂ ಗನ್ನರಿಗೂ ಫಿಟ್ಟರಿಗೂ ನಾನೇ ರಸಗುಲ್ಲ ತರಿಸಿದೆ.

ಪರೀಕ್ಷೆಗೆ ಬಾಗಿಲುಗಳನ್ನು ಹೊತ್ತು ತರುತ್ತಿದ್ದದ್ದು ಗಸ್ತು ಪಡೆಯ ಒಬ್ಬ ಡ್ರೈವರ್. ಬಂಗಾಳಿ. ನಾವು ಡ್ರೈವರ್ ದಾದಾ ಎನ್ನುತ್ತಿದ್ದೆವು. ಬಾಗಿಲು ಇಳಿಸಿ ವಾಪಸು ಹೋಗಬಹುದಿತ್ತು, ಆದರೆ ಮುಡಿ, ಅಂದರೆ ಮಂಡಕ್ಕಿ, ಮೆಲ್ಲುತ್ತ ನೆರಳಲ್ಲಿ ಕೂತು ಪ್ರತಿ ತಗಡನ್ನೂ ನೋಡಿಯೇ ಹೋಗುತ್ತಿದ್ದ. ದೀದಿ, ನನ್ನ ಬಾಗಿಲಿಗೆ ಆಲೂಗಡ್ಡೆ ಮೂಟೆ ಕಟ್ಟುತ್ತೀರಂತೆ, ಮೂಟೆಯೊಳಗೆ ಆಲೂಗಡ್ಡೆಯನ್ನೂ ಉಳಿಸಿದರೆ ಮಧ್ಯಾಹ್ನದ ಊಟವಾಗುತ್ತದೆ ಎಂದು ಅವಳನ್ನು ಕಾಡುತ್ತಿದ್ದ. ನಿನ್ನ ವ್ಯಾನಿಗೇ ಮೊದಲ ಹಲಗೆ ಎಂದು ಅವಳು ಮಾತು ಕೊಟ್ಟಿದ್ದಳು. ಅವನ ಬಾಗಿಲಿನ ಒಳಮೈಯಲ್ಲಿ ಬೋಲ್ಟುಗಳಿಗೆ ತೂತು ಎಲ್ಲಿ ಕೊರೆಯಬೇಕೆಂದು ಗುರುತು ಹಾಕಿದ್ದೂ ಅವಳೇ. ಕಾರ್ಖಾನೆಯವರು ಆ ಅಳತೆಯನ್ನೇ ಹಿಡಿದು ಎಲ್ಲ ವ್ಯಾನುಗಳಲ್ಲೂ ತೂತು ಕೊರೆದರು.

ಇನ್ನು ಇಲಿಗಳ ಸಂಗತಿ. ನಮ್ಮ ಗೋದಾಮಿನಲ್ಲಿಟ್ಟ ಹಲಗೆಗಳ ಅಂಚನ್ನು ಇಲಿ ಕಡಿದವು. ಆ ಹೊತ್ತಿಗೆ ಸರಿಯಾಗಿ ನಮ್ಮ ರೇಂಜಿಗೂ ಕಂಪ್ಯೂಟರ್ ಬಂದಿತ್ತು. ಬಂದಿತ್ತು ಎಂದರೆ ದೇವರು ಬಂದ ಹಾಗೆ. ಅದಕ್ಕೊಂದು ಕೋಣೆ, ಕೋಣೆಗೆ ಹಗಲೂ ರಾತ್ರಿ ಎಸಿ, ಬಾಗಿಲಲ್ಲಿ ಚಪ್ಪಲಿ ಬಿಡಬೇಕು. ನಮ್ಮ ಹಿರಿಯ ಅಧಿಕಾರಿಗಳೂ ಬೂಟು ಕಳಚಿ, ತೂತುಬಿದ್ದ ಕಾಲುಚೀಲದಲ್ಲಿ ಒಳಗೆ ಹೋಗುತ್ತಿದ್ದರು. ಇಲಿ ಸುಳಿಯದ ಜಾಗ ಇಡೀ ರೇಂಜಿನಲ್ಲಿ ಅದೊಂದೇ. ಕಂಪ್ಯೂಟರ್ ನೋಡಿಕೊಳ್ಳುವವನು ಗೋಣಿ ದೂಳು ಬೇಡವೆಂದು ಹಟ ಹಿಡಿದ. ಅವಳು ಹಲಗೆಗಳನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿ, ಗೋಡೆಗೆ ಒರಗಿಸಿಟ್ಟಳು. ಕಂಪ್ಯೂಟರಿನ ದಯೆಯಿಂದ ಸೆಣಬಿಗೂ ತಂಪು ಸಿಕ್ಕಿತು ಎಂದು ನಕ್ಕೆವು. ಆ ಮೇಲಿನ ಪರೀಕ್ಷೆಗಳೆಲ್ಲ ಒಂದಕ್ಕಿಂತ ಒಂದು ಚೆನ್ನಾಗಿ ಬಂದವು. ಯಾಕೆ ಚೆನ್ನಾಗಿ ಬರುತ್ತಿವೆ ಎಂದು ಯಾರೂ ಕೇಳಿಕೊಳ್ಳಲಿಲ್ಲ. ಸೆಣಬಿಗೆ ನೀರು ಕುಡಿಯುವ ಚಟ ಇದೆಯೆಂಬುದು ಅವಳಿಗೆ ಗೊತ್ತಿರದ್ದಲ್ಲ. ಆದರೆ ಅಂಟಿನ ಪದರ ಅದನ್ನು ಕಾಯುತ್ತಿದೆ ಎಂದುಕೊಂಡಳು. ಕಾಯುತ್ತಿದ್ದದ್ದು ಎಸಿ.

ಅಂತಿಮ ಪರೀಕ್ಷೆ ದುರ್ಗಾಪೂಜೆ ಕಳೆದ ಮೇಲೆ ಎಂದು ನಿಗದಿಯಾಯಿತು. ಸಮಿತಿಯೊಂದು ಬರುತ್ತದೆ, ಅದರ ಎದುರಿಗೆ ಹೊಡೆಯಬೇಕು. ಯಾವ ಬಾಗಿಲಿಗೆ, ಯಾವ ಕೋನದಲ್ಲಿ, ಎಷ್ಟು ಸಲ ಎಂಬ ಕಾರ್ಯಕ್ರಮ ಮೊದಲೇ ತಯಾರಾಯಿತು. ಅದರಲ್ಲಿ ಸೆಣಬು ಹಾಕಿದ ಬಾಗಿಲುಗಳು ಮಾತ್ರ ಇದ್ದವು. ಬರೀ ಬಾಗಿಲಿಗೆ ಹೊಡೆಯುವುದು ಇರಲಿಲ್ಲ. ಅದು ನಮಗೆ ಗೊತ್ತಿರುವ ಸಂಗತಿ ತಾನೆ, ಮತ್ತೆ ಯಾಕೆ ಗುಂಡು ದಂಡ ಎಂದು ಎಲ್ಲರೂ ಒಪ್ಪಿದ್ದೆವು. ಸಮಿತಿಯವರಿಗೆ ಅದು ಗೊತ್ತಿಲ್ಲ ಎಂಬುದು ನಮ್ಮ ತಲೆಗೆ ಹೊಳೆಯಲಿಲ್ಲ.

ಪೂಜೆಯ ರಜೆಗೆ ನಮ್ಮಲ್ಲಿ ಒಂದು ವಾಡಿಕೆ. ಮೇನ್ ಸ್ವಿಚ್ ಇಳಿಸಿ, ಒಂದೊಂದು ಕೋಣೆಗೂ ಬೀಗ ಹಾಕಿ, ಬೀಗದ ಮೇಲೆ ಬಟ್ಟೆ ಸುತ್ತಿ ಅರಗಿನ ಮುದ್ರೆ ಒತ್ತುವುದು. ಮದ್ದು ಇರುವ ಜಾಗ, ಕರೆಂಟಿನ ಕಿಡಿ ಬೇಡ ಎಂದು ಯಾರೋ ಹಿಂದಿನವರು ಶುರುಮಾಡಿದ್ದು. ಆ ವರ್ಷವೂ ಹಾಗೇ ಮಾಡಿದೆವು. ಕಂಪ್ಯೂಟರಿನವನು ತನ್ನ ದೇವರಿಗೆ ಪ್ಲಾಸ್ಟಿಕ್ ಹೊದಿಕೆ ಹೊದಿಸಿ, ದಾರ ಕಟ್ಟಿ, ಕೈಮುಗಿದು ಹೋದ. ಸೆಣಬಿಗೆ ಹೊದಿಕೆ ಬೇಕೆಂದು ಯಾರಿಗೂ ಅನಿಸಲಿಲ್ಲ. ಷಷ್ಠಿಯಿಂದ ಹಿಡಿದ ಮಳೆ ಆ ಸಲ ಪೆಂಡಾಲುಗಳನ್ನೆಲ್ಲ ತೋಯಿಸಿತು. ನಾವು ನಾಲ್ಕು ಜನ, ನನ್ನ ಹೆಂಡತಿ, ಮಗ, ಅವಳು, ನಾನು, ಪ್ಯಾಂಟು ಮಡಿಚಿಕೊಂಡು ಕೆಸರಲ್ಲಿ ಠಾಕೂರ್, ಅಂದರೆ ದೇವಿಯ ಮೂರ್ತಿಗಳನ್ನು, ನೋಡಲು ಅಲೆದೆವು. ಪರೀಕ್ಷೆ ಮುಗಿದ ಮೇಲೆ ಊರಿಗೆ ಹೋಗಿ ಅವ್ವನ ಎದುರಿಗೆ ಹಲಗೆಯ ಒಂದು ತುಂಡು ಇಡುತ್ತೇನೆ ಎಂದು ಅವಳು ಹೇಳಿದ್ದಳು. ಅವಳು ಅಷ್ಟು ಖುಷಿಯಾಗಿದ್ದದ್ದನ್ನು ನಾನು ಆ ಮೇಲೆ ನೋಡಿಲ್ಲ.

ರಜೆ ಮುಗಿದು ಮುದ್ರೆ ಒಡೆದಾಗ ಕಂಪ್ಯೂಟರ್ ಕೋಣೆ ಬೂಷ್ಟಿನ ವಾಸನೆ ಹೊಡೆಯುತ್ತಿತ್ತು. ಹಲಗೆಗಳು ನೋಡಲು ಹಾಗೇ ಇದ್ದವು. ಸಮಿತಿಯವರು ಬಂದು ಕುರ್ಚಿಗಳಲ್ಲಿ ಕೂತಾಗಿತ್ತು. ಫಿಟ್ಟರ್ ಹಲಗೆಯನ್ನು ಬಾಗಿಲಿಗೆ ಹಚ್ಚಿ ಬೋಲ್ಟ್ ಹಾಕಲು ಹೋದ. ಹೋಗಲಿಲ್ಲ. ಹಲಗೆಯ ತೂತು, ಬಾಗಿಲಿನ ತೂತು ಒಂದಕ್ಕೊಂದು ಕೂರುತ್ತಿಲ್ಲ. ಅರ ತೆಗೆದು ಉಜ್ಜಬೇಕೆಂದ. ನಾನು ಹಲಗೆಯ ಅಂಚನ್ನು ಮುಟ್ಟಿ ನೋಡಿದೆ. ಉಬ್ಬಿತ್ತು. ಅವಳೂ ಮುಟ್ಟಿದಳು, ಮುಟ್ಟಿದ ಬೆರಳನ್ನು ಅಲ್ಲೇ ಇಟ್ಟುಕೊಂಡು ನಿಂತಳು.

"ಸರ, ಎರಡ ದಿನಾ ಕೊಡ್ರಿ," ಎಂದಳು, ಯಾರಿಗೂ ತಿಳಿಯದ ಹಾಗೆ ಕನ್ನಡದಲ್ಲಿ. "ಎಸಿ ಒಳಗ ಇಟ್ಟು ಒಣಗಸ್ತೀನಿ."

ರೇಂಜಿನ ಹೊಣೆ ನನ್ನದು. ಹೊಡೆಯುವುದೋ ಮುಂದೂಡುವುದೋ ಎಂದು ಹೇಳಬೇಕಾದವನೂ ನಾನೇ. ಹಲಗೆ ಸರಿಯಾಗಿ ಕೂರುತ್ತಿಲ್ಲ ಎಂಬ ನೆಪ ಸಾಕಿತ್ತು, ಸಮಿತಿಯವರೂ ಗೊಣಗಿ ಸುಮ್ಮನಾಗುತ್ತಿದ್ದರು. ನಾನು ನೆರಳಲ್ಲಿ ಕೂತಿದ್ದ ಡ್ರೈವರ್ ದಾದಾನ ಕಡೆ ನೋಡಿದೆ. ಅವನ ವ್ಯಾನಿಗೆ ಎಸಿ ಕೋಣೆ ಎಲ್ಲಿಂದ ಬರಬೇಕು? ಅದು ಮಳೆಯಲ್ಲೇ ನಿಲ್ಲುತ್ತದೆ, ಹೊಳೆ ದಾಟುತ್ತದೆ. ಒಣಗಿದ ಹಲಗೆ ತೋರಿಸಿ ಪಾಸು ಮಾಡಿಸಿದರೆ ನಾವು ಅವನಿಗೆ ಕೊಡುವುದು ಒಂದು ಸುಳ್ಳು.

"ವ್ಯಾನು ಮಳೇಲಿ ನಿಲ್ಲುತ್ತಲ್ಲಮ್ಮಾ," ಎಂದೆ. "ಇವತ್ತೇ ಹೊಡೀಬೇಕು."

ಅವಳು ನನ್ನ ಮುಖ ನೋಡಿದಳು. ಆಮೇಲೆ ತಾನೇ ಅರ ಇಸಕೊಂಡು ತೂತನ್ನು ಉಜ್ಜಿ, ಬೋಲ್ಟ್ ಕೂರುವಂತೆ ಮಾಡಿಕೊಟ್ಟಳು. ಈ ನಿರ್ಧಾರದ ಬಗ್ಗೆ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ, ಈಗ ಕೇಳಿದರೂ ಇದನ್ನೇ ಮಾಡುತ್ತೇನೆ. ನನಗೆ ಸಂಕಟ ಕೊಡುವುದು ಅದರ ನಂತರದ ಅರ್ಧ ಗಂಟೆ.

ಬಾವುಟ ಏರಿತು, ಸೈರನ್ ಕೂಗಿತು. ಗುಂಡು ಹೊಡೆದ ಮೇಲೆ ಗೋಡೆ ದಾಟಿ ಹೋಗಿ ನೋಡಿದರೆ ಹಲಗೆ ಪುಸ್ತಕದ ಹಾಳೆ ಬಿಚ್ಚಿದ ಹಾಗೆ ಪದರ ಪದರ ಬಿಚ್ಚಿಕೊಂಡು, ಕೆಳಗಿನ ಬೋಲ್ಟುಗಳಿಂದ ಕಿತ್ತು ನೇತಾಡುತ್ತಿತ್ತು. ಸಾಕ್ಷಿ ತಗಡಿನ ತೂತುಗಳು ನಿಗದಿಯಾದ ವೃತ್ತದಾಚೆಗೂ ಹರಡಿದ್ದವು. ನಿಯಮ ಸ್ಪಷ್ಟವಾಗಿತ್ತು. ವೃತ್ತದ ಹೊರಗೆ ತೂತು ಕಂಡರೆ ಫೇಲ್. ಇನ್ನೊಂದು ಹಲಗೆಗೂ ಹೊಡೆದೆವು, ಅದೂ ಹಾಗೇ. ಸಮಿತಿಯ ಅಧ್ಯಕ್ಷರು ಸಾಕು ಎಂದು ಕೈ ಎತ್ತಿದರು. ಅವರು ಕೆಟ್ಟವರಲ್ಲ. ಹಳ್ಳಿಯ ಕಸುಬಿಗೆ ಒಳ್ಳೆಯ ಪ್ರಯತ್ನ ಎಂದು ಸಮಾಧಾನ ಹೇಳಿದರು. ಅವಳು ಹಸಿರು ಡಬ್ಬಿ ತೆಗೆದು, ಬಿಸಿಲಲ್ಲಿ ಕೂತು, ಒಂದೊಂದು ತೂತಿಗೂ ಗೆರೆ ಎಳೆಯುತ್ತಿದ್ದಳು.

ಗೆರೆ ಎಳೆದ ತಗಡನ್ನು ನೋಡುತ್ತ ನನಗೆ ಬೇರೊಂದು ತಗಡು ನೆನಪಾಯಿತು, ಮೊದಲ ದಿನದ್ದು, ಬರೀ ಬಾಗಿಲಿನದ್ದು. ಅದು ಜರಡಿ. ಇದು ಕೆಟ್ಟದ್ದೇ, ಆದರೆ ಜರಡಿಯಲ್ಲ. ಒದ್ದೆ ಸೆಣಬೂ ಸೋಲುವ ಮೊದಲು ಸಾಕಷ್ಟು ಚೂರುಗಳನ್ನು ಹಿಡಿದುಕೊಂಡಿತ್ತು. ಸಮಿತಿಯವರು ಇದನ್ನು ಒಣ ಸೆಣಬಿನ ಕಾಗದದ ಲೆಕ್ಕಕ್ಕೆ ಹೋಲಿಸುತ್ತಿದ್ದರು, ಡ್ರೈವರಿಗೆ ಬೇಕಾದ ಹೋಲಿಕೆ ಅದಲ್ಲ. ಅವನಿಗೆ ಇದು ಇಲ್ಲವಾದರೆ ಇನ್ನೇನೂ ಇಲ್ಲ. ಗುಂಡು ಉಳಿದಿದ್ದವು, ಬಾಗಿಲೂ ಒಂದು ಉಳಿದಿತ್ತು. ನಾನು ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತೆ. ಇವರೆಲ್ಲ ಏಳುವ ಮುಂಚೆ ಒಂದು ಬರೀ ಬಾಗಿಲಿಗೆ ಹೊಡೆದು ತೋರಿಸೋಣ, ಎರಡೂ ತಗಡು ಪಕ್ಕಪಕ್ಕ ಹಿಡಿಯೋಣ, ನೀರು ಕುಡಿಯುವ ಅಂಚನ್ನು ಮುಚ್ಚಿ ಸರಿಮಾಡಲು ನಮಗೆ ಕಾಲಾವಕಾಶ ಕೊಡಬಹುದು ಎಂದೆ. ಅಧ್ಯಕ್ಷರನ್ನು ಕೇಳುವುದಕ್ಕೆ ಎದ್ದೂ ನಿಂತೆ.

"ಬ್ಯಾಡ್ರಿ ಸರ," ಎಂದಳು. ತಲೆ ಎತ್ತಲಿಲ್ಲ. "ತಡೀತೈತಿ ಅಂತ ಹೇಳಿ ಬಂದಾಕಿ ನಾನು. ಈಗ ಅರ್ಧಾ ತಡೀತೈತಿ, ತಗೋರಿ ಅಂತ ಬೇಡೂದು ನನ್ನ ಕಡೆ ಆಗಂಗಿಲ್ಲ. ಫೇಲ್ ಅಂದ್ರ ಫೇಲ್."

ಎಂಥ ನಿಯತ್ತು ಎಂದುಕೊಂಡೆ. ನಿಜ ಹೇಳಬೇಕೆಂದರೆ ಹೆಮ್ಮೆಯೇ ಆಯಿತು. ಒಣಗಿಸಲು ಸಮಯ ಕೇಳಿದಾಗ ನಾನು ಬಿಗಿಯಾಗಿದ್ದೆ, ಈಗ ಅವಳು ನನಗಿಂತ ಬಿಗಿಯಾಗಿದ್ದಳು. ಅವಳ ಮಾತು ಮೀರಿ ಅವಳ ಪರವಾಗಿ ವಾದ ಮಾಡಿದರೆ ಅವಳ ಮರ್ಯಾದೆ ತೆಗೆದ ಹಾಗಾಗುತ್ತದೆ ಅನಿಸಿತು. ಬಾವುಟ ಇಳಿಸಿ ಎಂದೆ. ಸಮಿತಿಯವರು ಚಹಾ ಕುಡಿದು ಹೊರಟರು. ಡ್ರೈವರ್ ದಾದಾ ಬಾಗಿಲುಗಳನ್ನು ಗಾಡಿಗೆ ಹೇರುತ್ತ, ಆಲೂಗಡ್ಡೆ ಕೊಳೆಯಿತಾ ದೀದಿ ಎಂದು ಕೇಳಿದ. ಆ ಮಾತಿಗೆ ಅವಳು ಅತ್ತಳು.

ಆ ಮೇಲೆ ಎಲ್ಲವೂ ಬೇಗ ಬೇಗ ಮುಗಿಯಿತು. ಅವಳ ಯೋಜನೆ ನಿಂತಿತು. ಅವಳು ಸಾಲ್ಟ್ ಲೇಕ್‌ನ ಒಂದು ಕಂಪನಿ ಸೇರಿದಳು. ಕಾರುಗಳು ಗೋಡೆಗೆ ಗುದ್ದಿದರೆ ಏನಾಗುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಕೆಲಸ. ಗುದ್ದುವುದೂ ಇಲ್ಲ, ಒಡೆಯುವುದೂ ಇಲ್ಲ, ಕೈಗೆ ಅಂಟೂ ಅಂಟುವುದಿಲ್ಲ ವೈನಿ ಎಂದು ನನ್ನ ಹೆಂಡತಿಯ ಹತ್ತಿರ ನಕ್ಕಳಂತೆ. ವ್ಯಾನುಗಳು ಬರೀ ಉಕ್ಕಿನ ಬಾಗಿಲಲ್ಲೇ ಹೊರಟವು. ಬೋಲ್ಟಿಗೆ ಕೊರೆದಿದ್ದ ತೂತುಗಳಿಗೆ ಕಾರ್ಖಾನೆಯವರು ರಬ್ಬರ್ ಬಿರಡೆ ಜಡಿದರು.

ಮುಂದಿನ ವರ್ಷ ಅಂಥ ಒಂದು ಬಾಗಿಲು ನಮ್ಮ ರೇಂಜಿಗೆ ವಾಪಸು ಬಂತು. ಕಾಡಿನ ದಾರಿಯಲ್ಲಿ ಯಾರೋ ದೊಡ್ಡ ರೈಫಲ್ಲಿನಿಂದ ಹೊಡೆದಿದ್ದರು. ಎಂಥ ಗುಂಡು, ಯಾವ ಕೋನದಿಂದ ಬಂತು ಎಂದು ನಾವು ಹೇಳಬೇಕಿತ್ತು. ಹೊರಗಡೆ ಒಂದೇ ಒಂದು ದುಂಡು ತೂತು. ಒಳಗಡೆ ಉಕ್ಕು ಹೂವಿನಂತೆ ಅರಳಿ, ಎಸಳುಗಳು ಕಿತ್ತುಹೋಗಿದ್ದವು. ಬಿರಡೆಗಳು ತಮ್ಮ ತಮ್ಮ ಜಾಗದಲ್ಲಿ ಭದ್ರವಾಗಿ ಕೂತಿದ್ದವು. ಗಾಡಿಯ ಸಂಖ್ಯೆ ಓದಿದವನೇ ನಾನು ಕೂತೆ. ಡ್ರೈವರ್ ದಾದಾನ ವ್ಯಾನು. ಬದುಕಿದ್ದಾನೆ, ಎಡಗಾಲು ಹೋಗದೇ ಉಳಿದಿದೆ ಅಷ್ಟೆ ಎಂದು ಬಾಗಿಲು ತಂದವರು ಹೇಳಿದರು.

ಇಂಥದ್ದಕ್ಕೆ ಕ್ರಮ ಇದೆ. ಅದೇ ಬಗೆಯ ಬಾಗಿಲು ನಿಲ್ಲಿಸಿ, ಅದೇ ಬಗೆಯ ಗುಂಡು ಹೊಡೆದು, ಎರಡನ್ನೂ ಹೋಲಿಸಬೇಕು. ಅಂದರೆ ಅವತ್ತು ಬೇಡವೆಂದು ಬಿಟ್ಟ ಹೊಡೆತವನ್ನೇ ಈಗ ಹೊಡೆಯಬೇಕು. ಸೀಟಿನ ಅಂತರ ಹೇಳಲು ಡ್ರೈವರ್ ದಾದಾ ಬರಬೇಕೆಂದು ಹೇಳಿಕಳಿಸಿದೆ. ಅವಳಿಗೂ ಫೋನ್ ಮಾಡಿದೆ. ಮಾಡಬಾರದಿತ್ತೇನೋ. ಹೆಂಡತಿ ಕೂಡ ಬೈದಳು, ಆ ಹುಡುಗಿ ಹೇಗೋ ಸುಧಾರಿಸಿಕೊಂಡಿದ್ದಾಳೆ, ಮತ್ತೆ ಯಾಕೆ ಕೆದಕುತ್ತೀರಿ ಎಂದು. ಆದರೆ ಈ ಬಾಗಿಲನ್ನು ಅವಳಿಗೆ ತೋರಿಸದೆ ನನ್ನ ಕೈಯಲ್ಲಿ ಇರಲಾಗಲಿಲ್ಲ. ಅವಳು ರಜೆ ಹಾಕಿ, ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ ನೇತಾಡಿಸಿಕೊಂಡೇ ಬಂದಳು. ಕಂಪ್ಯೂಟರ್ ಕೋಣೆಯ ಮುಂದೆ ಹಾಯುವಾಗ ಅಭ್ಯಾಸದಿಂದ ಚಪ್ಪಲಿ ಬಿಡಲು ಹೋಗಿ, ನೆನಪಾಗಿ, ಮುಂದೆ ನಡೆದಳು.

ಹೋಲಿಸಲು ನನಗೆ ಒದ್ದೆ ಸೆಣಬಿನ ಆ ಹಳೆಯ ತಗಡೂ ಬೇಕಿತ್ತು. ಫೇಲಾದ ತಗಡುಗಳು ನಮ್ಮಲ್ಲಿ ಗುಜರಿಗೆ ಹೋಗುವುದಿಲ್ಲ, ಗೇಟಿನ ಚಹಾ ಅಂಗಡಿಗೆ ಹೋಗುತ್ತವೆ. ಆ ಅಂಗಡಿಯ ಮೂರು ಗೋಡೆಯೂ ಸಾಕ್ಷಿ ತಗಡೇ. ಬೆಂಚಿನ ಹಿಂದೆ, ಒಲೆಯ ಹೊಗೆಗೆ ಕಪ್ಪಾದ ಒಂದರ ಮೇಲೆ ಹಸಿರು ಗೆರೆಗಳೂ ಅಂತಿಮ ಪರೀಕ್ಷೆಯ ತಾರೀಖೂ ಕಂಡವು. ಅಂಗಡಿಯವನಿಗೆ ಬೇರೆ ತಗಡು ಕೊಟ್ಟು ಅದನ್ನು ಕಳಚಿಸಿದೆ. ಅವಳು ಸೀರೆಯ ಸೆರಗಿನಿಂದ ಮಸಿ ಒರೆಸಿದಳು.

ಡ್ರೈವರ್ ದಾದಾ ಕೋಲು ಊರಿಕೊಂಡು ಬಂದ. ಹಾಸ್ಯ ಮಾತ್ರ ಬಿಟ್ಟಿರಲಿಲ್ಲ. ದೀದಿ ಈಗ ದೊಡ್ಡ ಕಂಪನಿಯ ಮೇಮ್‌ಸಾಹೇಬ್, ಇನ್ನು ಆಲೂಗಡ್ಡೆ ಸಿಗಲಿಕ್ಕಿಲ್ಲ ಎಂದ. ಡಾಕ್ಟರ್ ಬಾಬು ತನ್ನನ್ನು ಡ್ರೈವರ್ ಕೆಲಸಕ್ಕೆ ಫೇಲ್ ಮಾಡಿದರೆಂದೂ, ಈಗ ಗೇಟಿನಲ್ಲಿ ಕೂರಿಸಿದ್ದಾರೆಂದೂ, ಹೋಗಿ ಬರುವ ಗಾಡಿಗಳಿಗೆ ಸಲಾಮು ಹೊಡೆಯುವುದೇ ಕೆಲಸವೆಂದೂ ಹೇಳಿದ.

ಬಾವುಟ ಏರಿಸಿ, ಸೈರನ್ ಕೂಗಿಸಿ, ಬರೀ ಬಾಗಿಲಿಗೆ ಹೊಡೆದೆವು. ತಗಡನ್ನು ನಾನೇ ಬಿಸಿಲಿಗೆ ಎತ್ತಿದೆ. ಜರಡಿ. ಅದರ ಪಕ್ಕ ಅವಳು ಒದ್ದೆ ಸೆಣಬಿನದನ್ನು ಹಿಡಿದಳು. ಯಾರೂ ಎಣಿಸಬೇಕಾಗಿರಲಿಲ್ಲ, ಕಣ್ಣಿಗೆ ರಾಚುತ್ತಿತ್ತು.

ಡ್ರೈವರ್ ದಾದಾ ಎರಡನ್ನೂ ಬಹಳ ಹೊತ್ತು ನೋಡಿದ. ಆಮೇಲೆ ಕುರ್ಚಿ ಎಳೆದುಕೊಂಡು, ಸ್ಟಿಯರಿಂಗ್ ಹಿಡಿದವನ ಹಾಗೆ ಕೂತು, ಅವಳ ಕೈಯಿಂದ ಹಸಿರು ಗೆರೆಯ ತಗಡು ತೆಗೆದುಕೊಂಡ. ಅದನ್ನು ಎಡತೊಡೆಯ ಪಕ್ಕಕ್ಕೆ, ಬಾಗಿಲು ಇರಬೇಕಾದ ಕಡೆಗೆ ಆನಿಸಿಕೊಂಡ. ಸ್ವಲ್ಪ ಮೇಲೆ ಸರಿಸಿದ, ಸ್ವಲ್ಪ ಹಿಂದೆ ಸರಿಸಿದ. ಅಂಗಿ ಹೊಲಿಸಲು ಅಳತೆ ಕೊಡುವವನಷ್ಟು ಗಮನವಿಟ್ಟು ತೂತುಗಳ ಮೂಲಕ ಬೆರಳು ತೂರಿಸಿ ತನ್ನ ಕಾಲನ್ನು ಮುಟ್ಟಿ ನೋಡಿಕೊಂಡ.

"ಇಲ್ಲೊಂದು ಬೀಳುತ್ತಿತ್ತು," ಎಂದ, ಮೊಣಕಾಲಿನ ಮೇಲೆ ಬೆರಳಿಟ್ಟು. "ಮತ್ತೆ ಇಲ್ಲೊಂದು. ಇಷ್ಟಾದರೆ ನಾನು ಗಾಡಿ ಓಡಿಸಿಕೊಂಡೇ ಇರುತ್ತಿದ್ದೆ, ಸಾಹೇಬ್. ಇದನ್ನು ಯಾಕೆ ಹಾಕಲಿಲ್ಲ?"

ಕೇಳಿದ್ದು ಆಕ್ಷೇಪಣೆಯಿಂದಲ್ಲ. ಗೊತ್ತಿಲ್ಲದವನು ಕೇಳುವ ಹಾಗೆ ಕೇಳಿದ. ಅವನು ಅವತ್ತೂ ಅಲ್ಲೇ ನೆರಳಲ್ಲಿ ಕೂತಿದ್ದ, ಆದರೆ ನಾವಿಬ್ಬರು ಮಾತಾಡಿಕೊಂಡದ್ದು ಕನ್ನಡದಲ್ಲಿ. ಅರ್ಧ ತಡೆಯುವುದು ಬೇಕೋ ಬೇಡವೋ ಎಂದು ಅವನ ಕಾಲಿನ ವಿಷಯವನ್ನು ಅವನಿಗೆ ತಿಳಿಯದ ಭಾಷೆಯಲ್ಲಿ ನಾವು ತೀರ್ಮಾನ ಮಾಡಿ ಮುಗಿಸಿದ್ದೆವು.

"ಅಣ್ಣಾ," ಎಂದಳು ಅವಳು. ರೇಂಜಿನಲ್ಲಿ ಅವಳು ನನ್ನನ್ನು ಹಾಗೆ ಕರೆದದ್ದು ಅದೊಂದೇ ಸಲ. "ಅವತ್ತ ನೀವು ನನ್ನ ಮಾತ ಕೇಳಬಾರದಿತ್ತು."

ಡ್ರೈವರ್ ದಾದಾನಿಗೆ ಆ ಮಾತೂ ಅರ್ಥವಾಗಲಿಲ್ಲ. ದೀದಿ ಏನಂದಳು ಎಂದು ನನ್ನನ್ನು ಕೇಳಿದ. ತಗಡು ಇನ್ನೂ ಅವನ ತೊಡೆಯ ಪಕ್ಕದಲ್ಲೇ ಇತ್ತು. ಈ ಸಲ ನಾನು ಅವನಿಗೆ ಹೇಳಿದೆ. ಅವತ್ತಿನ ಒದ್ದೆ ಹಲಗೆಯಿಂದ ಹಿಡಿದು, ಹೊಡೆಯದೆ ಬಿಟ್ಟ ಗುಂಡಿನವರೆಗೆ, ಹಿಂದಿಯಲ್ಲಿ, ಒಂದೂ ಬಿಡದೆ ಹೇಳಿದೆ. ಅವನು ಕೊನೆಯವರೆಗೂ ಕೇಳಿದ. ನಗಿಸುವ ಮಾತು ಏನಾದರೂ ಹೇಳುತ್ತಾನೇನೋ ಎಂದು ಕಾದೆ, ಹೇಳಲಿಲ್ಲ. ತಗಡನ್ನು ಗೋಡೆಗೆ ಒರಗಿಸಿಟ್ಟು, ಕೋಲು ಹುಡುಕಿಕೊಂಡು ಎದ್ದ.